ರೆಟಿನಾಕ್ಕೆ ಸ್ಟೆಮ್ ಸೆಲ್ ಇಂಜೆಕ್ಷನ್: ಅಣ್ಣನ ಬಲಗಣ್ಣು ಹೋದದ್ದು ಹೀಗೆ

ಕಳೆದ ವಾರ ಮುಳ್ಳೇರಿಯ ಕಡೆಯ ಒಬ್ಬರು ಫೋನ್ ಮಾಡಿದ್ದರು. ನಮ್ಮ ಅಣ್ಣನಿಗಿರುವ ಕಣ್ಣಿನ ಕಾಯಿಲೆಯೇ ಅವರಿಗೂ. ನಾವು ಹೋದ ಕ್ಲಿನಿಕ್ಕಿಗೇ ಹೊರಟಿದ್ದಾರೆ. "ನಿಮ್ಮ ಅಣ್ಣನ ವಿಡಿಯೋ ನೋಡಿದೆ, ಗುಣ ಆಯ್ತಂತಲ್ಲ?" ಅಂದರು. ಎದೆ ಧಸಕ್ಕೆಂದಿತು. ಆ ವಿಡಿಯೋ ಇಂಜೆಕ್ಷನ್ ಆಗಿ ಮೂರನೇ ದಿನ ಕ್ಲಿನಿಕ್ಕಿನವರೇ ತೆಗೆದದ್ದು. "ಬೆಳಕು ಸ್ವಲ್ಪ ಜಾಸ್ತಿ ಆದ ಹಾಗೆ ಉಂಟು" ಅಂತ ಅಣ್ಣ ಅದರಲ್ಲಿ ಹೇಳುತ್ತಾನೆ. ಕಣ್ಣು ಹೋಗಿ ವರ್ಷವಾಗುತ್ತಾ ಬಂತು, ವಿಡಿಯೋ ಇನ್ನೂ ವಾಟ್ಸಾಪಿನಲ್ಲಿ ಓಡಾಡುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕೇಸು ನಡೆಯುತ್ತಿರುವುದರಿಂದ ಕ್ಲಿನಿಕ್ಕಿನ ಹೆಸರು ಹಾಕುವುದಿಲ್ಲ.

ಅಣ್ಣನಿಗೆ ಈಗ 47. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟ. ಚಿಕ್ಕವನಿದ್ದಾಗ ರಾತ್ರಿ ಯಕ್ಷಗಾನದ ಆಟ ನೋಡಲು ಹೋದರೆ ಗದ್ದೆಯ ಹುಣಿಯಲ್ಲಿ ನನ್ನ ಅಂಗಿ ಹಿಡಿದುಕೊಂಡೇ ನಡೆಯುತ್ತಿದ್ದ. ಹೆದರುಪುಕ್ಕಲ ಅಂತ ನಗುತ್ತಿದ್ದೆವು. 30 ದಾಟಿದ ಮೇಲೆ ಪಕ್ಕದಲ್ಲಿ ನಿಂತವರೇ ಕಾಣದಾದರು. ಮಂಗಳೂರಿನಲ್ಲಿ ಪರೀಕ್ಷೆ ಮಾಡಿ ರೆಟಿನೈಟಿಸ್ ಪಿಗ್ಮೆಂಟೋಸಾ ಅಂದರು. ಸುಮಾರು 4,000 ಜನರಲ್ಲಿ ಒಬ್ಬರಿಗೆ ಇರುತ್ತದಂತೆ. ಹುಟ್ಟಿನಿಂದಲೇ ಬರುವ ಜೀನಿನ ದೋಷ. ಕಣ್ಣಿನ ಹಿಂದಿನ ಗೋಡೆಯ ಪದರವಾದ ರೆಟಿನಾದಲ್ಲಿ, ಕತ್ತಲೆಯಲ್ಲಿ ನೋಡಲು ಬೇಕಾದ ರಾಡ್ ಕೋಶಗಳು ಮೊದಲು ಸಾಯುತ್ತವೆ, ಕೋನ್ ಕೋಶಗಳು ಆಮೇಲೆ. ಹಾಗಾಗಿ ಸುತ್ತಲಿನದು ಹೋಗಿ ನಡುವಿನದು ಮಾತ್ರ ಉಳಿಯುತ್ತದೆ. ಒಲೆ ಊದುವ ಕೊಳವೆಯಲ್ಲಿ ಕಣ್ಣಿಟ್ಟು ನೋಡಿ, ಅಣ್ಣನ ಲೋಕ ಅಷ್ಟೇ.

ಆದರೆ ಆ ಕೊಳವೆಯೊಳಗೆ ಅವನಿಗೆ ಚೆನ್ನಾಗಿ ಕಾಣುತ್ತಿತ್ತು. ಇದನ್ನು ಮರೆಯಬೇಡಿ. ಚಾಲಿಯಿಂದ, ಅಂದರೆ ಒಣಗಿಸಿ ಸುಲಿದ ಅಡಿಕೆಯಿಂದ, ಕಳಪೆಯಾದ ಪಟೋರ, ಕರಿಗೋಟು ಆರಿಸುವುದು ಮನೆಯಲ್ಲಿ ಅವನದೇ ಕೆಲಸ. ಚಾವಡಿಯಲ್ಲಿ ಬಾಗಿಲ ಬೆಳಕಿಗೆ ಕೂತು, ಒಂದೊಂದೇ ಅಡಿಕೆಯನ್ನು ಮೂಗಿನ ಹತ್ತಿರ ತಂದು, ಒಂದು ಸುತ್ತು ತಿರುಗಿಸಿ, ಆಚೆಗೋ ಈಚೆಗೋ ಎಸೆಯುತ್ತಿದ್ದ. ನನಗಿಂತ ಅವನದೇ ತಪ್ಪು ಕಡಿಮೆ.

ಮಂಗಳೂರಿನ ಡಾಕ್ಟ್ರು ನೇರವಾಗಿ ಹೇಳಿದ್ದರು: "ಇದಕ್ಕೆ ಈಗ ಮದ್ದಿಲ್ಲ. ಜೀನ್ ಟೆಸ್ಟ್ ಮಾಡಿಸಿ ಇಡಿ. ವರ್ಷಕ್ಕೊಮ್ಮೆ ಬನ್ನಿ." ಅಂಗವೈಕಲ್ಯದ ಸರ್ಟಿಫಿಕೇಟಿಗೂ ಬರೆದುಕೊಟ್ಟರು. ಓದಲು ಬಂದರೂ ನೋಟದ ಅಗಲ 40 ಡಿಗ್ರಿಗಿಂತ ಕಡಿಮೆ ಇದ್ದರೆ 2016ರ ಕಾಯಿದೆ ಪ್ರಕಾರ ಅದೂ ವೈಕಲ್ಯವೇ. ನಮಗೆ ಅದೆಲ್ಲ ರುಚಿಸಲಿಲ್ಲ. ಇಲ್ಲ ಅನ್ನುವ ಡಾಕ್ಟ್ರು ಯಾರಿಗೆ ಬೇಕು? ಆಗುತ್ತದೆ ಅನ್ನುವವರು ಸಿಗುವವರೆಗೆ ಹುಡುಕಿದೆವು. ಸಿಕ್ಕಿದರು.

ರೈಲಿನಲ್ಲಿ ಒಂದು ರಾತ್ರಿಯ ದಾರಿ. ಫೋನಿನಲ್ಲಿ ಮಾತಾಡಿದವರು ಡಾಕ್ಟರಲ್ಲ, ಕೋಆರ್ಡಿನೇಟರ್. ಅಚ್ಚ ಕನ್ನಡ, ಬಾಯ್ತುಂಬ "ಅಣ್ಣಾ". ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಅದರ ಸ್ಟೆಮ್ ಸೆಲ್ (ಬೇರೆ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಬೇರೆ ಮಾಡಿ, ಕಣ್ಣೊಳಗೆ ಚುಚ್ಚುವುದು. "ನಿಮ್ಮದೇ ಸೆಲ್ ಅಲ್ವಾ ಅಣ್ಣಾ, ಸೈಡ್ ಎಫೆಕ್ಟ್ ಎಲ್ಲಿಂದ ಬರ್ತದೆ?" ಒಂದು ಕಣ್ಣಿಗೆ 1,80,000. ಎರಡೂ ಒಟ್ಟಿಗೆ ಆದರೆ 3,20,000. ಅತ್ತಿಗೆಯ ಬಳೆ ಬ್ಯಾಂಕಿಗೆ ಹೋಯಿತು. ಪುಣ್ಯಕ್ಕೆ ಪೂರ್ತಿ ದುಡ್ಡು ಹೊಂದಲಿಲ್ಲ. ಬಲಗಣ್ಣು ಮೊದಲು ಆಗಲಿ ಅಂತ ನಿಂತೆವು.

ಆ ದಿನದ ಒಂದು ಸಂಗತಿ ನೆನೆದರೆ ಈಗಲೂ ಕೈ ಹಿಸುಕಿಕೊಳ್ಳುತ್ತೇನೆ. ಪಾಪೆ ಅಗಲವಾಗುವ ಹನಿ ಹಾಕಿ ಅರ್ಧ ಗಂಟೆಯಾದ ಮೇಲೆ ಒಪ್ಪಿಗೆ ಪತ್ರ ತಂದರು. 14 ಪುಟ, ಎಲ್ಲ ಇಂಗ್ಲಿಷ್. ಅಣ್ಣನಿಗೆ ಹಾಳೆಯೇ ಮಂಜು ಮಂಜು. ನರ್ಸ್ ಅವನ ಬೆರಳನ್ನು ಗೆರೆಯ ಮೇಲೆ ಇಟ್ಟು "ಇಲ್ಲಿ ಸಹಿ" ಅಂದರು. ಸಾಕ್ಷಿ ಅಂತ ನಾನೂ ಹಾಕಿದೆ. ಓದಲಿಲ್ಲ. ಓದಿದ್ದರೆ ಒಂಬತ್ತನೇ ಪುಟದಲ್ಲಿ ದೃಷ್ಟಿ ಪೂರ್ತಿ ಹೋಗಬಹುದು ಅಂತ ಬರೆದದ್ದು ಕಾಣುತ್ತಿತ್ತು.

ಐದನೇ ವಾರ. ಎಡಗಣ್ಣು ಮುಚ್ಚಿ ಪರೀಕ್ಷೆ ಮಾಡುವುದು ಅವನ ಅಭ್ಯಾಸ. ಒಂದು ಬೆಳಿಗ್ಗೆ "ಬಾಗಿಲ ದಾರಂದ ಡೊಂಕಾಗಿ ಕಾಣ್ತದಲ್ಲ ಮಾರಾಯಾ" ಅಂದ. ಕ್ಲಿನಿಕ್ಕಿಗೆ ಫೋನ್ ಮಾಡಿದೆವು. "ಸೆಲ್ ಕೆಲಸ ಮಾಡ್ತಾ ಉಂಟು ಅಣ್ಣಾ, ಹಾಗೇ ಆಗ್ತದೆ." ಎಂಟು ದಿನ ಕಾದೆವು. ಆಮೇಲೆ ಊಟಕ್ಕೆ ಕೂತವನಿಗೆ ಬಾಳೆಲೆಯ ಅರ್ಧ ಕಾಣಲಿಲ್ಲ, ಪರದೆ ಇಳಿದ ಹಾಗೆ. ಅಂದೇ ಮಂಗಳೂರಿಗೆ ಓಡಿದೆವು. ರೆಟಿನಾ ಕಳಚಿ ಬಂದಿತ್ತು. ಆಪರೇಷನ್ ಮಾಡಿ ಕಣ್ಣೊಳಗೆ ಸಿಲಿಕಾನ್ ಎಣ್ಣೆ ತುಂಬಿದರು. ಹತ್ತು ದಿನ ಕವುಚಿ ಮಲಗಿದ. ಅತ್ತಿಗೆ ನೆಲದಲ್ಲಿ ಕೂತು ಸ್ಟ್ರಾ ಹಾಕಿ ಗಂಜಿತಿಳಿ ಕುಡಿಸುತ್ತಿದ್ದರು. ಈಗ ಬಲಗಣ್ಣಿಗೆ ಲೈಟ್ ಹಾಕಿದ್ದು ಆರಿಸಿದ್ದು ಗೊತ್ತಾಗುತ್ತದೆ. ಬೇರೇನೂ ಇಲ್ಲ.

ಯಾಕೆ ಹೀಗಾಯಿತು ಅಂತ ಆಪರೇಷನ್ ಮಾಡಿದ ಡಾಕ್ಟ್ರು ವಿವರಿಸಿದರು. ಮಜ್ಜೆಯ ಕೋಶವನ್ನು ಕಣ್ಣೊಳಗೆ ಬಿಟ್ಟರೆ ಅದು ರಾಡ್ ಕೋಶವಾಗಿ, ನರಕ್ಕೆ ತಂತಿ ಎಳೆದುಕೊಂಡು ಕೂರುವುದಿಲ್ಲ. ಗಾಯ ಮಾಯುವಾಗ ಕಲೆ ಕಟ್ಟುತ್ತದಲ್ಲ, ಹಾಗೆ ರೆಟಿನಾದ ಮೇಲೆ ಪೊರೆ ಕಟ್ಟಬಹುದು. ಪೊರೆ ಸುಕ್ಕುಗಟ್ಟಿದಾಗ ರೆಟಿನಾವನ್ನೇ ಎಳೆದು ಕೀಳುತ್ತದೆ. ಅವರ ಇನ್ನೊಂದು ಮಾತಿಗೆ ನಾನು ಬಾಯಿ ಮುಚ್ಚಿದೆ: "ನಿಮ್ಮ ಅಣ್ಣನ ದೋಷ ಜೀನಿನಲ್ಲಿ. ಅವರದೇ ಮಜ್ಜೆ ಅಂದರೆ ಅದರಲ್ಲೂ ಅದೇ ದೋಷ ಇರ್ತದಲ್ಲ?" ಇಷ್ಟು ಸರಳ ಪ್ರಶ್ನೆ ನಮಗೆ ಹೊಳೆಯಲಿಲ್ಲ.

ಅಕ್ಕನ ಮಗಳು ಆಪ್ಟೊಮೆಟ್ರಿ, ಅಂದರೆ ಕಣ್ಣು ಪರೀಕ್ಷೆಯ ಕೋರ್ಸ್, ಓದುತ್ತಾಳೆ. ನಾವು ಅವಳನ್ನು ಕೇಳಿಯೇ ಇರಲಿಲ್ಲ, ಸಣ್ಣ ಹುಡುಗಿ ಅಂತ. ಆಮೇಲೆ ಅವಳು ಒಂದು ವರದಿ ಓದಿ ಹೇಳಿದಳು. 2017ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದದ್ದು. ಅಮೆರಿಕದ ಫ್ಲೋರಿಡಾದಲ್ಲಿ 72ರಿಂದ 88 ವಯಸ್ಸಿನ ಮೂವರು ಹೆಂಗಸರು ತಲಾ 5,000 ಡಾಲರ್ ಕೊಟ್ಟು, ಹೊಟ್ಟೆಯ ಕೊಬ್ಬಿನಿಂದ ತೆಗೆದ ಕೋಶಗಳನ್ನು ಎರಡೂ ಕಣ್ಣಿಗೆ ಒಂದೇ ದಿನ ಹಾಕಿಸಿಕೊಂಡಿದ್ದರು. ಮೂವರ ದೃಷ್ಟಿಯೂ ಹಾಳಾಯಿತು. ರೆಟಿನಾ ಕಳಚಿತ್ತು. ಕೇಳುತ್ತಾ ಅಣ್ಣ ಎಡಗಣ್ಣಿನ ಮೇಲೆ ಕೈ ಇಟ್ಟುಕೊಂಡ.

ಸ್ಟೆಮ್ ಸೆಲ್ ಅಂದರೆಲ್ಲ ಸುಳ್ಳು ಅಂತ ಅಲ್ಲ. ಮೋಸ ನಡೆಯುವುದೇ ಅಲ್ಲಿ. ಕ್ಲಿನಿಕ್ಕಿನವರು ನಮಗೆ ಪೇಪರ್ ಕಟಿಂಗ್ ತೋರಿಸಿದ್ದರು. ಹೈದರಾಬಾದಿನ ಎಲ್.ವಿ. ಪ್ರಸಾದ್ ಆಸ್ಪತ್ರೆಯಲ್ಲಿ 2001ರಿಂದ ಸ್ಟೆಮ್ ಸೆಲ್ ಕಸಿ ಮಾಡುತ್ತಾರೆ, ನಿಜ. ಆದರೆ ಅದು ಕಣ್ಣಿನ ಮುಂದಿನ ಗಾಜಿನಂಥ ಕಾರ್ನಿಯಾಕ್ಕೆ, ಸುಣ್ಣ ಆ್ಯಸಿಡ್ ಬಿದ್ದು ಸುಟ್ಟವರಿಗೆ. ರೆಟಿನಾ ಇರುವುದು ಹಿಂದಿನ ಗೋಡೆಯಲ್ಲಿ. ರೆಟಿನಾಕ್ಕೂ ಕೆಲಸ ನಡೆದಿದೆ. 2014ರಲ್ಲಿ ಜಪಾನಿನಲ್ಲಿ ಮಸಾಯೊ ತಕಾಹಾಶಿಯವರ ತಂಡ ರೋಗಿಯ ಚರ್ಮದಿಂದಲೇ ಲ್ಯಾಬಿನಲ್ಲಿ ರೆಟಿನಾದ ಒಂದು ಪದರ ಬೆಳೆಸಿ ಕೂರಿಸಿತು. ಆ ರೋಗಿಗೆ ಕಾಣುವುದು ಜಾಸ್ತಿಯಾಗಲಿಲ್ಲ, ಇದ್ದದ್ದು ನಿಂತಿತು. ಎರಡನೆಯವರಿಗೆ ಬೆಳೆಸಿದ ಕೋಶಗಳಲ್ಲಿ ಜೀನ್ ಬದಲಾದದ್ದು ಕಂಡು ಆ ಕಸಿಯನ್ನೇ ನಿಲ್ಲಿಸಿದರು. ಅಷ್ಟು ಬಲ್ಲವರು ಹೆದರಿ ನಿಲ್ಲಿಸುತ್ತಾರೆ. ನಮ್ಮ ಕ್ಲಿನಿಕ್ಕಿನವರು ಬೆಳಿಗ್ಗೆ ಮಜ್ಜೆ ತೆಗೆದು ಮಧ್ಯಾಹ್ನ ಚುಚ್ಚಿ ಮುಗಿಸಿದರು.

"ಇದು ಸರಕಾರದಲ್ಲಿ ರಿಜಿಸ್ಟರ್ ಆದ ಟ್ರಯಲ್" ಅಂತಲೂ ಹೇಳಿದ್ದರು, ನಂಬರ್ ಕೊಟ್ಟಿದ್ದರು. ಹುಡುಗಿ ಅದನ್ನು ಸಿಟಿಆರ್‌ಐ (ದೇಶದಲ್ಲಿ ನಡೆಯುವ ಚಿಕಿತ್ಸೆಯ ಪ್ರಯೋಗಗಳ, ಅಂದರೆ ಟ್ರಯಲ್‌ಗಳ, ಸರಕಾರಿ ಪಟ್ಟಿ) ವೆಬ್‌ಸೈಟಿನಲ್ಲಿ ಹಾಕಿ ನೋಡಿದರೆ ಅದು ಮೊಣಕಾಲು ನೋವಿನದು! ಎರಡು ನಿಮಿಷದ ಕೆಲಸ. ಟ್ರಯಲ್ ನಿಜವೇ ಆಗಿದ್ದರೆ ಚಿಕಿತ್ಸೆಗೆ ರೋಗಿಯಿಂದ ದುಡ್ಡು ಕೇಳುವ ಹಾಗಿಲ್ಲ. ಪಟ್ಟಿಯಲ್ಲಿ ಹೆಸರು ಇದ್ದ ಮಾತ್ರಕ್ಕೆ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು ಅಂತಲೂ ಅಲ್ಲ. ವೈದ್ಯಕೀಯ ಸಂಶೋಧನೆಯ ಸರಕಾರಿ ಸಂಸ್ಥೆ ಐಸಿಎಂಆರ್‌ನ 2017ರ ನಿಯಮದಲ್ಲಿ ರೆಟಿನಾಕ್ಕೆ ಸ್ಟೆಮ್ ಸೆಲ್ ಅನ್ನುವುದು ಇನ್ನೂ ಚಿಕಿತ್ಸೆಯೇ ಅಲ್ಲ, ಒಪ್ಪಿಗೆ ಪಡೆದ ಟ್ರಯಲ್‌ನಲ್ಲಿ ಮಾತ್ರ ಮಾಡಬಹುದು.

ಬಿಲ್ಲಿನಲ್ಲಿ "ಪ್ರೊಸೀಜರ್ ಚಾರ್ಜ್" ಅಂತ ಒಂದೇ ಸಾಲು. ಏನು ಚುಚ್ಚಿದರು, ಎಷ್ಟು ಚುಚ್ಚಿದರು, ಎಲ್ಲೂ ಇಲ್ಲ. ವಕೀಲರು ತಲೆ ಚಚ್ಚಿಕೊಂಡದ್ದು ಇದಕ್ಕೇ. ಕ್ಲಿನಿಕ್ ಬೇರೆ ರಾಜ್ಯದಲ್ಲಿದ್ದರೂ 2019ರ ಗ್ರಾಹಕ ಕಾಯಿದೆಯಲ್ಲಿ ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಎರಡು ವರ್ಷದೊಳಗೆ. ಹಾಗಾಗಿ ಕಾಸರಗೋಡಿನಲ್ಲೇ ಹಾಕಿದ್ದೇವೆ. ಆ ಡಾಕ್ಟರ ರಾಜ್ಯದ ಮೆಡಿಕಲ್ ಕೌನ್ಸಿಲಿಗೂ ಬರೆದಿದ್ದೇವೆ. ಯಾರಾದರೂ ಈಗಾಗಲೇ ಮಾಡಿಸಿಕೊಂಡಿದ್ದರೆ ಕೇಸ್ ಶೀಟ್ ಬರವಣಿಗೆಯಲ್ಲಿ ಕೇಳಿ ಇಟ್ಟುಕೊಳ್ಳಿ. ನೇರ ಗೆರೆ ಡೊಂಕಾಗಿ ಕಂಡರೆ, ಮಿಂಚು ಹೊಡೆದ ಹಾಗಾದರೆ, ಪರದೆ ಬಂದರೆ ಅವರಿಗೆ ಫೋನ್ ಮಾಡುತ್ತಾ ಕೂರಬೇಡಿ. ಅಂದೇ ಬೇರೆ ರೆಟಿನಾ ಡಾಕ್ಟರ ಹತ್ತಿರ ಹೋಗಿ. ನಾವು ಕಾದ ಆ ಎಂಟು ದಿನ ನನ್ನನ್ನು ಇನ್ನೂ ಸುಡುತ್ತಿದೆ.

ಮುಳ್ಳೇರಿಯದವರಿಗೆ ನಾನು ಇದನ್ನೆಲ್ಲ ಹೇಳುತ್ತಾ ಹೋದೆ. ಅವರು "ಹೌದು, ಆದರೂ ಒಮ್ಮೆ ನೋಡುವ ಅಂತ" ಅಂದರು. ಅಣ್ಣ ಫೋನ್ ಕಿತ್ತುಕೊಂಡ.

"ನಿಮಗೆ ಬಸ್ಸಿನ ಬೋರ್ಡ್ ಓದ್ಲಿಕ್ಕೆ ಆಗ್ತದಾ?"

"ಹತ್ತಿರ ಬಂದ್ರೆ ಆಗ್ತದೆ."

"ಮಲಯಾಳವೋ, ಕನ್ನಡವೋ?"

"ಎರಡೂ ಆಗ್ತದೆ."

"ಹಾಗಾದ್ರೆ ಹೋಗ್ಬೇಡಿ" ಅಂದು ಫೋನ್ ನನ್ನ ಕೈಗೆ ಕೊಟ್ಟ.