ಕ್ವಾಂಟಂ ಡಾಟ್‌ನ ಬೆಳಕು: ಬ್ರಸ್ ಸೂತ್ರವೋ, ಪರಮಾಣು ಮಟ್ಟದ ಲೆಕ್ಕವೋ?

ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರ ಓದುತ್ತ, ಕ್ವಾಂಟಂ ಡಾಟ್‌ಗಳು, ಅಂದರೆ ಕೆಲವೇ ನ್ಯಾನೋಮೀಟರ್ ಗಾತ್ರದ ಅರೆವಾಹಕ ಕಣಗಳು, ಬೆಳಕು ಸೂಸುವ ಬಗೆಯನ್ನು ಪ್ರಾಜೆಕ್ಟಿಗೆ ಆರಿಸಿಕೊಳ್ಳುವವರು ಮೊದಲು ತೀರ್ಮಾನಿಸಬೇಕಾದದ್ದು ಲೆಕ್ಕದ ವಿಧಾನವನ್ನು.

2023ರ ನೊಬೆಲ್ ಪುರಸ್ಕೃತರಲ್ಲೊಬ್ಬರಾದ ಲೂಯಿಸ್ ಬ್ರಸ್ ಅವರ ಸೂತ್ರವು ಎಲೆಕ್ಟ್ರಾನ್ ಮತ್ತು ರಂಧ್ರಗಳನ್ನು (ಎಲೆಕ್ಟ್ರಾನ್ ಬಿಟ್ಟುಹೋದ ಖಾಲಿ ಜಾಗಗಳನ್ನು) ಅನಂತ ಎತ್ತರದ ಗೋಡೆಯೊಳಗೆ ಸಿಲುಕಿದ ಕಣಗಳೆಂದು ಭಾವಿಸಿ, ಮೂಲವಸ್ತುವಿನ ಬ್ಯಾಂಡ್ ಗ್ಯಾಪ್‌ಗೆ (ಎಲೆಕ್ಟ್ರಾನನ್ನು ಬಿಡಿಸಿ ಹರಿಯುವಂತೆ ಮಾಡಲು ಬೇಕಾದ ಕನಿಷ್ಠ ಶಕ್ತಿಗೆ) ಹೀಗೆ ಇಕ್ಕಟ್ಟಿನಲ್ಲಿ ಬಂಧನವಾಗುವುದರಿಂದ ಬರುವ ಹೆಚ್ಚುವರಿ ಶಕ್ತಿಯನ್ನು ಕೂಡಿಸಿ, ಎಲೆಕ್ಟ್ರಾನ್ ಮತ್ತು ರಂಧ್ರದ ನಡುವಿನ ಆಕರ್ಷಣೆಯ ಶಕ್ತಿಯನ್ನು ಕಳೆಯುತ್ತದೆ. ಇದಕ್ಕೆ ಕ್ಯಾಲ್ಕುಲೇಟರ್ ಸಾಕು. ಆದರೆ 3 ನ್ಯಾನೋಮೀಟರ್ ವ್ಯಾಸದ ಕ್ಯಾಡ್ಮಿಯಂ ಸೆಲೆನೈಡ್ ಕಣಕ್ಕೆ ಅನ್ವಯಿಸಿ ನೋಡಿ (ಎಲೆಕ್ಟ್ರಾನ್ ವೋಲ್ಟ್ ಎಂಬುದು ಪರಮಾಣು ಮಟ್ಟದ ಶಕ್ತಿಯ ಅಳತೆ): ಬ್ಯಾಂಡ್ ಗ್ಯಾಪ್ ಆದ 1.74 ಎಲೆಕ್ಟ್ರಾನ್ ವೋಲ್ಟ್‌ಗೆ ಬಂಧನದಿಂದ ಸುಮಾರು 1.66 ಸೇರಿ, ಆಕರ್ಷಣೆಯಿಂದ 0.16 ಕಳೆದು, ಒಟ್ಟು 3.24 ಬರುತ್ತದೆ. ಅಂದರೆ ಸೂತ್ರದ ಪ್ರಕಾರ ಆ ಕಣ ಅತಿನೇರಳೆಯಲ್ಲಿ ಬೆಳಗಬೇಕು. ಪ್ರಯೋಗಾಲಯದಲ್ಲಿ ಅದು ಹಸಿರು-ಹಳದಿಯಾಗಿ ಹೊಳೆಯುತ್ತದೆ. ಸುಮಾರು 1 ಎಲೆಕ್ಟ್ರಾನ್ ವೋಲ್ಟ್‌ನ ಈ ತಪ್ಪು ಸಣ್ಣದೇನಲ್ಲ. ಗೋಡೆ ನಿಜದಲ್ಲಿ ಅನಂತ ಎತ್ತರದ್ದಲ್ಲ, ಬ್ಯಾಂಡ್ (ಎಲೆಕ್ಟ್ರಾನಿನ ಶಕ್ತಿ ಅದರ ಸಂವೇಗದೊಂದಿಗೆ ಬದಲಾಗುವ ರೇಖೆ) ಕೂಡ ಎಲ್ಲೆಡೆ ಸೂತ್ರ ಭಾವಿಸುವಂತೆ ಪ್ಯಾರಾಬೋಲವಲ್ಲ ಎಂಬುದೇ ಇದಕ್ಕೆ ಮುಖ್ಯ ಕಾರಣ.

ಪರಮಾಣು ಮಟ್ಟದ ಲೆಕ್ಕಗಳಲ್ಲಿ ಒಂದಾದ ಟೈಟ್ ಬೈಂಡಿಂಗ್ ವಿಧಾನವು ಆ ಕಣದ ಸುಮಾರು 500 ಪರಮಾಣುಗಳನ್ನೂ ಒಂದೊಂದಾಗಿ ಎಣಿಕೆಗೆ ತೆಗೆದುಕೊಳ್ಳುವುದರಿಂದ ಸಣ್ಣ ಕಣಗಳಲ್ಲಿ ಹೆಚ್ಚು ನಂಬಲರ್ಹವಾಗಿದ್ದು, ಸಾಧಾರಣ ಕಂಪ್ಯೂಟರಿನಲ್ಲೇ ನಡೆಯುತ್ತದೆ. ಇನ್ನೊಂದಾದ, ಎಲೆಕ್ಟ್ರಾನ್ ಸಾಂದ್ರತೆಯಿಂದ ಲೆಕ್ಕ ಹಾಕುವ ಡೆನ್ಸಿಟಿ ಫಂಕ್ಷನಲ್ ಸಿದ್ಧಾಂತ ಮೇಲ್ಮೈಗೆ ಅಂಟಿಕೊಂಡ ಅಣುಗಳಾದ ಲಿಗ್ಯಾಂಡ್‌ಗಳನ್ನೂ ಒಳಗೊಳ್ಳಬಲ್ಲದು, ಆದರೆ ಅದರ ಸರಳ ರೂಪಗಳು ಬ್ಯಾಂಡ್ ಗ್ಯಾಪನ್ನು ಕಡಿಮೆ ತೋರಿಸುತ್ತವೆ, ಕಣದ ಗಾತ್ರ ಇಮ್ಮಡಿಸಿದರೆ ಸಮಯ ಎಷ್ಟೋ ಪಟ್ಟು ಹೆಚ್ಚುತ್ತದೆ.

ಗಾತ್ರದೊಂದಿಗೆ ಬಣ್ಣ ಸರಿಯುವ ಪ್ರವೃತ್ತಿಯಷ್ಟೇ ಬೇಕಿದ್ದರೆ ಬ್ರಸ್ ಸೂತ್ರ ಸಾಕು. ಪ್ರಯೋಗದ ಅಂಕಿಗಳಿಗೆ ಹೋಲಿಸುವ ಉದ್ದೇಶವಿದ್ದರೆ, ಒಂದು ಸೆಮಿಸ್ಟರಿನ ಅವಧಿಗೆ ನನ್ನ ಮತ ಟೈಟ್ ಬೈಂಡಿಂಗ್‌ಗೆ.