ಹಳೆಯ ಫ್ಯಾನೋ, ಬಿಎಲ್‌ಡಿಸಿ ಫ್ಯಾನೋ? ಧಾರವಾಡದ ಒಂದು ಮನೆಯಲ್ಲಿ ಮಾಡಿದ ಹೋಲಿಕೆ

ನಮ್ಮ ಮನೆಯಲ್ಲಿ ಈಗ ಮೂರು ಬಗೆಯ ಸೀಲಿಂಗ್ ಫ್ಯಾನುಗಳಿವೆ. ಮೊದಲನೆಯದು ತಂದೆಯವರು ಕೊಂಡದ್ದು. ಸಾಮಾನ್ಯ ಇಂಡಕ್ಷನ್ ಮೋಟಾರಿನದು, ಒಂದಕ್ಕಿಂತ ಹೆಚ್ಚು ಸಲ ರಿವೈಂಡಿಂಗ್ (ಮೋಟಾರಿನ ತಂತಿಯನ್ನು ಹೊಸದಾಗಿ ಸುತ್ತಿಸುವುದು) ಕಂಡದ್ದು. ಎರಡನೆಯದು ಬಿಎಲ್‌ಡಿಸಿ ಫ್ಯಾನು. ಅಂದರೆ ಬ್ರಷ್‌ಲೆಸ್ ಡಿಸಿ ಮೋಟಾರಿನದು, ಇಲೆಕ್ಟ್ರಾನಿಕ್ ಸರ್ಕ್ಯೂಟಿನಿಂದ ತಿರುಗುವಂಥದು. ಇದನ್ನು ನಡೆಸುವ ಸರ್ಕ್ಯೂಟನ್ನು ಮೋಟಾರಿನ ಒಳಗೇ ಇಟ್ಟು, ಮೇಲೆ ರಾಳ ಸುರಿದು ಮುಚ್ಚಿದ್ದಾರೆ. ಮೂರನೆಯದೂ ಬಿಎಲ್‌ಡಿಸಿಯೇ, ಆದರೆ ಅದರ ಸರ್ಕ್ಯೂಟ್ ಕೆಳಗಿನ ಮುಚ್ಚಳದಲ್ಲಿದ್ದು, ಸ್ಕ್ರೂ ಬಿಚ್ಚಿ ಕನೆಕ್ಟರ್ ಎಳೆದರೆ ಕೈಗೆ ಬರುತ್ತದೆ. ಮೂರರ ರೆಕ್ಕೆಗಳ ಹರವೂ 1200 ಮಿ.ಮೀ. ಯಂತ್ರಭಾಗಗಳ ವಿನ್ಯಾಸವೇ ನನ್ನ ಕಸುಬಾದ್ದರಿಂದ, ಇವುಗಳಲ್ಲಿ ಪರಿಸರಕ್ಕೆ ನಿಜವಾಗಿ ಹಗುರವಾದದ್ದು ಯಾವುದು ಎಂಬುದನ್ನು ಡಬ್ಬಿಯ ಮೇಲಿನ ಬರಹದಿಂದ ನಿರ್ಧರಿಸದೆ, ಬಳಸಿ ಮತ್ತು ಬಿಚ್ಚಿ ನೋಡಿ ನಿರ್ಧರಿಸಬೇಕೆನಿಸಿತು. ಎರಡನೆಯದಕ್ಕೂ ಮೂರನೆಯದಕ್ಕೂ ವಿದ್ಯುತ್ ಬಳಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ; ಆದರೂ ಎರಡನೆಯದನ್ನು ನಾನು ಮತ್ತೆ ಕೊಳ್ಳಲಾರೆ. ಇನ್ನು ಮೊದಲನೆಯದನ್ನು ಮನೆಯಿಂದ ಹೊರಹಾಕುವ ಯೋಚನೆಯೂ ನನಗಿಲ್ಲ.

ಮೊದಲು ವಿದ್ಯುತ್ತಿನ ಮಾತು. ಸ್ವಿಚ್ ಬೋರ್ಡಿನ ಹಾದಿಯಲ್ಲಿ ವ್ಯಾಟ್‌ಮೀಟರ್ ಜೋಡಿಸಿ ನೋಡಿದಾಗ, ಹಳೆಯ ಫ್ಯಾನು ಪೂರ್ಣ ವೇಗದಲ್ಲಿ 76 ವ್ಯಾಟ್ ಎಳೆಯಿತು. ಬಿಎಲ್‌ಡಿಸಿ ಫ್ಯಾನುಗಳೆರಡೂ 31ರ ಆಸುಪಾಸಿನಲ್ಲಿದ್ದವು. ಇಂಡಕ್ಷನ್ ಮೋಟಾರಿನಲ್ಲಿ ರೋಟರಿನ (ತಿರುಗುವ ಭಾಗದ) ಕಾಂತಕ್ಷೇತ್ರವನ್ನೂ ವಿದ್ಯುತ್ತಿನಿಂದಲೇ ಹುಟ್ಟಿಸಬೇಕಾಗುತ್ತದೆ, ಅದಕ್ಕಾಗಿ ರೋಟರಿನಲ್ಲಿ ಹರಿಯುವ ವಿದ್ಯುತ್ತು ಶಾಖವಾಗಿ ಕಳೆದುಹೋಗುತ್ತದೆ. ಬಿಎಲ್‌ಡಿಸಿಯಲ್ಲಿ ಆ ಕೆಲಸವನ್ನು ಶಾಶ್ವತ ಕಾಂತಗಳು ಮಾಡುತ್ತವೆ. ಒಂದು ತಾಸು ಓಡಿದ ಮೇಲೆ ನಿಲ್ಲಿಸಿ ಮೋಟಾರಿನ ಮೈಯನ್ನು ಮುಟ್ಟಿ ನೋಡಿದರೆ ವ್ಯತ್ಯಾಸ ಕೈಗೇ ತಿಳಿಯುತ್ತದೆ.

ಇಂಧನ ದಕ್ಷತಾ ಬ್ಯೂರೊದ ಸ್ಟಾರ್ ಚೀಟಿ ಸೀಲಿಂಗ್ ಫ್ಯಾನುಗಳಿಗೆ 2023ರ ಜನವರಿ 1ರಿಂದ ಕಡ್ಡಾಯವಾಗಿದೆ. ಒಂದು ವ್ಯಾಟಿಗೆ ನಿಮಿಷಕ್ಕೆ ಎಷ್ಟು ಘನ ಮೀಟರ್ ಗಾಳಿ ಬೀಸುತ್ತದೆ ಎಂಬುದು ಅದರ ಅಳತೆ, ಆಗ ಗೊತ್ತುಮಾಡಿದ ಮಟ್ಟದಂತೆ 1200 ಮಿ.ಮೀ. ಫ್ಯಾನಿಗೆ ಐದು ಸ್ಟಾರ್ ದಕ್ಕಬೇಕಾದರೆ ಈ ಅಂಕಿ ಕನಿಷ್ಠ 6 ಇರಬೇಕು. ಅಂದರೆ 210 ಘನ ಮೀಟರ್ ಗಾಳಿಗೆ 35 ವ್ಯಾಟ್ ಮೀರುವಂತಿಲ್ಲ. ಅಳತೆ ಒಳ್ಳೆಯದೇ, ಆದರೆ ಅದು ಪೂರ್ಣ ವೇಗದ್ದು. ಧಾರವಾಡದಂಥ ಊರಿನಲ್ಲಿ ಮಾರ್ಚಿನಿಂದ ಮೇ ತಿಂಗಳವರೆಗೆ ಬಿಟ್ಟರೆ ಫ್ಯಾನನ್ನು ಪೂರ್ಣ ವೇಗದಲ್ಲಿ ಓಡಿಸುವವರು ಕಡಿಮೆ. ಗಾಳಿ ಬೀಸಲು ಬೇಕಾದ ಶಕ್ತಿ ವೇಗದ ಘನಕ್ಕೆ ಅನುಗುಣವಾಗಿ ಏರಿಳಿಯುವುದರಿಂದ, ಅರ್ಧ ವೇಗಕ್ಕೆ ಎಂಟನೇ ಒಂದು ಪಾಲು ಸಾಕು. ಬಿಎಲ್‌ಡಿಸಿ ಈ ಲಾಭವನ್ನು ಬಹುಮಟ್ಟಿಗೆ ಪಡೆದುಕೊಳ್ಳುತ್ತದೆ. ಇಂಡಕ್ಷನ್ ಮೋಟಾರಿನ ವೋಲ್ಟೇಜನ್ನು ರೆಗ್ಯುಲೇಟರ್ ತಗ್ಗಿಸಿದಾಗ ಮೋಟಾರಿನೊಳಗಿನ ನಷ್ಟದ ಪಾಲು ಹೆಚ್ಚುತ್ತದೆಯಾಗಿ ಅದಕ್ಕೆ ಈ ಲಾಭ ಅಷ್ಟಾಗಿ ದಕ್ಕುವುದಿಲ್ಲ. ನಡುವೇಗದಲ್ಲಿ ಹಳೆಯದು 48 ವ್ಯಾಟ್ ತೋರಿಸಿದರೆ ಬಿಎಲ್‌ಡಿಸಿ 13 ತೋರಿಸಿತು. ಬೇಸಿಗೆಯಾಚೆಯ ತಿಂಗಳುಗಳಲ್ಲಿ ನಮ್ಮ ಭಾಗದವರಿಗೆ ಹೆಚ್ಚು ಸಂಬಂಧಿಸಿದ ಅಂಕಿ ಇದೇ, ಚೀಟಿಯಲ್ಲಿ ಇರದ ಅಂಕಿಯೂ ಇದೇ.

ಮಲಗುವ ಕೋಣೆಯ ಲೆಕ್ಕ ಹೀಗಿದೆ. ದಿನಕ್ಕೆ 10 ತಾಸಿನಂತೆ ವರ್ಷಕ್ಕೆ 300 ದಿನ ಎಂದರೆ 3000 ತಾಸು. ನಡುವೇಗದ 35 ವ್ಯಾಟಿನ ವ್ಯತ್ಯಾಸವನ್ನೇ ಹಿಡಿದರೂ 105 ಯೂನಿಟ್ ಉಳಿಯುತ್ತದೆ. ಯೂನಿಟ್ಟಿಗೆ 6 ರೂಪಾಯಿ ಎಂದುಕೊಂಡರೆ 630 ರೂಪಾಯಿ. ದೇಶದ ವಿದ್ಯುತ್ ಜಾಲದಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕಿಲೊ ಇಂಗಾಲದ ಡೈಆಕ್ಸೈಡ್ ಹೊಮ್ಮುತ್ತದೆಂಬ ಪ್ರಮಾಣವನ್ನು ಹಿಡಿದರೆ, ಅದು ವರ್ಷಕ್ಕೆ 70 ಕಿಲೊಗಿಂತ ಸ್ವಲ್ಪ ಹೆಚ್ಚಾಗುತ್ತದೆ. ಹೊಸದನ್ನು ಹೇಗೂ ಕೊಳ್ಳಲೇಬೇಕಿದ್ದವರು ಸಾಮಾನ್ಯ ಫ್ಯಾನಿಗಿಂತ ಸಾವಿರದ ಇನ್ನೂರರಷ್ಟು ಹೆಚ್ಚು ಕೊಟ್ಟರೂ ಎರಡು ವರ್ಷದಲ್ಲಿ ಅದು ಮರಳುತ್ತದೆ. ಚೆನ್ನಾಗಿ ತಿರುಗುತ್ತಿರುವ ಫ್ಯಾನನ್ನು ಇಳಿಸಿ, 3000 ರೂಪಾಯಿ ಕೊಟ್ಟು ಹೊಸದನ್ನು ಏರಿಸುವವರಿಗೆ ಮಾತ್ರ ಸುಮಾರು ಐದು ವರ್ಷ ಬೇಕು. ಈ ಐದು ವರ್ಷದ ಅಂಕಿಯನ್ನು ಓದುಗರು ನೆನಪಿನಲ್ಲಿಡಬೇಕು, ಏಕೆಂದರೆ ದುರಸ್ತಿಯ ಪ್ರಶ್ನೆ ಇದಕ್ಕೇ ತಗುಲಿಕೊಂಡಿದೆ.

ಗೃಹಜ್ಯೋತಿ ಯೋಜನೆ ಬಂದ ಮೇಲೆ ರೂಪಾಯಿಯ ಲೆಕ್ಕ ಎಲ್ಲ ಮನೆಗಳಿಗೂ ಒಂದೇ ಆಗಿ ಉಳಿದಿಲ್ಲ. ಶೂನ್ಯ ಬಿಲ್ಲು ಬರುವ ಮನೆಯಲ್ಲಿ ಉಳಿತಾಯ ಹೆಸ್ಕಾಂ ಜಾಲಕ್ಕೆ ಸಲ್ಲುತ್ತದೆಯೇ ಹೊರತು ಮನೆಯವರ ಕಿಸೆಗಲ್ಲ. ತಿಂಗಳಿಗೆ 200 ಯೂನಿಟ್ಟಿನ ಗಡಿಯಲ್ಲಿ ತೂಗಾಡುವ ಮನೆಗಳಿಗಾದರೋ ಎರಡು ಮೂರು ಬಿಎಲ್‌ಡಿಸಿ ಫ್ಯಾನುಗಳ ಬೆಲೆ ಒಂದೇ ಬೇಸಿಗೆಯಲ್ಲಿ ಅರಿವಾಗಬಹುದು, ಏಕೆಂದರೆ ಆ ಗಡಿ ದಾಟಿದರೆ ಇಡೀ ಬಿಲ್ಲನ್ನು ಕಟ್ಟಬೇಕಾಗುತ್ತದೆ.

ಇನ್ನು ಅತಿಥಿಗಳ ಕೋಣೆ. ಅಲ್ಲಿ ಫ್ಯಾನು ವರ್ಷಕ್ಕೆ ಹೆಚ್ಚೆಂದರೆ 200 ತಾಸು ತಿರುಗೀತು. ಪೂರ್ಣ ವೇಗದ 45 ವ್ಯಾಟ್ ವ್ಯತ್ಯಾಸಕ್ಕೆ ಉಳಿತಾಯ 9 ಯೂನಿಟ್. ರಿಮೋಟಿನಿಂದ ನಿಲ್ಲಿಸಿ ಗೋಡೆಯ ಸ್ವಿಚ್ಚನ್ನು ಹಾಗೆಯೇ ಬಿಟ್ಟ ಬಿಎಲ್‌ಡಿಸಿ ಫ್ಯಾನು, ರಿಮೋಟಿನ ಸಂಜ್ಞೆಗೆ ಕಾದಿರುವುದಕ್ಕಾಗಿ ಒಂದು ವ್ಯಾಟ್ ತಿಂದರೂ ವರ್ಷಕ್ಕೆ 8.8 ಯೂನಿಟ್ ಆಗುತ್ತದೆ. ಉಳಿಸಿದ್ದು ಅಲ್ಲಿಗಲ್ಲಿಗೆ ಸರಿಹೋಯಿತು. ಹಾಗಾಗಿ ಆ ಕೋಣೆಯಲ್ಲಿ ತಂದೆಯವರ ಫ್ಯಾನು ಇರುವುದು ಭಾವುಕತೆಯ ಮಾತಲ್ಲ, ಲೆಕ್ಕದ ಮಾತು.

ದುರಸ್ತಿಯ ವಿಷಯಕ್ಕೆ ಬಂದರೆ ಹಳೆಯ ಫ್ಯಾನಿನ ವಿನ್ಯಾಸವನ್ನು ಮೆಚ್ಚದೆ ಇರಲಾಗುವುದಿಲ್ಲ. ಅದರಲ್ಲಿ ಕೆಡುವ ವಸ್ತುಗಳು ಮೂರೇ: ಕಂಡೆನ್ಸರ್ (ಕೆಪ್ಯಾಸಿಟರ್), ಬೇರಿಂಗ್, ವೈಂಡಿಂಗ್ (ಸುತ್ತಿದ ತಂತಿ). 2.5 ಮೈಕ್ರೊಫ್ಯಾರಡ್ ಕಂಡೆನ್ಸರ್ ಯಾವ ಇಲೆಕ್ಟ್ರಿಕಲ್ ಅಂಗಡಿಯಲ್ಲೂ ಸಿಗುತ್ತದೆ, ಮತ್ತು ಅದು ಯಾವ ಕಂಪನಿಯದೆಂದು ಯಾರೂ ಕೇಳುವುದಿಲ್ಲ. 6202 ಎಂಬ ಅಂಕೆಯ ಬೇರಿಂಗ್ ಜಗತ್ತಿನಲ್ಲೆಲ್ಲ ಒಂದೇ ಅಳತೆಯದು: ಒಳವ್ಯಾಸ 15 ಮಿ.ಮೀ., ಹೊರವ್ಯಾಸ 35, ಅಗಲ 11. ವೈಂಡಿಂಗ್ ಸುಟ್ಟರೆ ಹುಬ್ಬಳ್ಳಿಯಲ್ಲಾಗಲಿ, ಗದಗಿನಲ್ಲಾಗಲಿ, ಹಾವೇರಿಯಲ್ಲಾಗಲಿ ತಂತಿ ಸುತ್ತಿಕೊಡುವವರಿದ್ದಾರೆ. ತಾಮ್ರದ ತಂತಿಯನ್ನೇ ಹಾಕಬೇಕೆಂದು ಮೊದಲೇ ಹೇಳಿ, ಎದುರು ನಿಂತು ನೋಡಿಕೊಂಡರಾಯಿತು. ಬಿಡಿಭಾಗಗಳನ್ನು ಸಾರ್ವತ್ರಿಕ ಅಳತೆಯಲ್ಲಿಡುವುದು, ಮುಚ್ಚಳವನ್ನು ಸ್ಕ್ರೂವಿನಿಂದ ಕಟ್ಟುವುದು, ಅಂಟಾಗಲಿ ರಿವಿಟ್ಟಾಗಲಿ ಇಲ್ಲದಿರುವುದು — ಸುಸ್ಥಿರ ವಿನ್ಯಾಸದ ತರಗತಿಗಳಲ್ಲಿ ಈಗ ಬೋಧಿಸುವ ನಿಯಮಗಳಲ್ಲಿ ಅರ್ಧದಷ್ಟನ್ನು ಆ ಫ್ಯಾನು ಹೆಸರಿಲ್ಲದೆಯೇ ಪಾಲಿಸಿದೆ.

ಎರಡನೆಯ ಬಗೆಯ ಫ್ಯಾನುಗಳಲ್ಲಿ ಒಂದು, ಮೇ ತಿಂಗಳ ಅಡ್ಡಮಳೆಯಲ್ಲಿ ಸಿಡಿಲು ಬಡಿದ ರಾತ್ರಿ ನಿಂತುಹೋಯಿತು. ವಾರಂಟಿಯ ಅವಧಿ ಮುಗಿದಿತ್ತು. ಹುಬ್ಬಳ್ಳಿಯ ದುರ್ಗದ ಬೈಲಿನ ಸಮೀಪದ ರಿವೈಂಡಿಂಗ್ ಅಂಗಡಿಗೆ ಒಯ್ದಾಗ ಮೇಸ್ತ್ರಿ ಮುಚ್ಚಳ ತೆಗೆದು ನೋಡಿ, "ಇದನ್ನ ಬಿಚ್ಚಾಕ ಬರಂಗಿಲ್ರಿ ಸರ್, ಒಳಗ ಪೂರಾ ಡಾಂಬರ್ ಹಾಕಿದಂಗ ತುಂಬಿಬಿಟ್ಟಾರ" ಎಂದರು. ಕಂಪನಿಯ ಸೇವಾ ಕೇಂದ್ರದಲ್ಲಿ ಸಿಕ್ಕ ಉತ್ತರ, ಮೋಟಾರನ್ನು ಇಡಿಯಾಗಿ ಬದಲಿಸಬೇಕು ಎಂಬುದು. ಅದರ ದರ ಹೊಸ ಫ್ಯಾನಿನ ಮೂರನೇ ಎರಡು ಪಾಲು. ಕಾಂತಗಳು ಸರಿಯಿದ್ದವು, ವೈಂಡಿಂಗ್ ಸರಿಯಿತ್ತು, ಬೇರಿಂಗ್ ಹೊಸದರಂತಿತ್ತು. ಸುಟ್ಟದ್ದು ಅಂಗೈಗಿಂತ ಚಿಕ್ಕದಾದ ಒಂದು ಸರ್ಕ್ಯೂಟ್ ಬೋರ್ಡು ಮಾತ್ರ. ಐದು ವರ್ಷ ಓಡಿದ್ದರೆ ತಾನೇ ತನ್ನ ಬೆಲೆಯನ್ನು ತೀರಿಸಬೇಕಿದ್ದ ವಸ್ತು, ಅದಕ್ಕೆ ಮುಂಚೆಯೇ ಗುಜರಿಯ ಬಾಗಿಲಿಗೆ ಬಂದು ನಿಂತಿತ್ತು.

ರಾಳ ಸುರಿಯುವವರ ವಾದವನ್ನೂ ಹೇಳಬೇಕು. ಮಳೆಗಾಲದ ತೇವ, ಇರುವೆ, ಹಲ್ಲಿ, ನಿರಂತರ ಕಂಪನ ಇವುಗಳಿಂದ ಸರ್ಕ್ಯೂಟನ್ನು ರಾಳ ಕಾಪಾಡುತ್ತದೆ; ಜೋಡಣೆಯ ಖರ್ಚೂ ತಗ್ಗುತ್ತದೆ. ಆದರೆ ತೆಳುವಾದ ರಕ್ಷಣಾ ವಾರ್ನಿಷನ್ನು ಬೋರ್ಡಿನ ಮೇಲೆ ಬಳಿದು, ಬಿಗಿಯಾದ ಮುಚ್ಚಳ ಕೊಟ್ಟರೆ ಈ ಉದ್ದೇಶ ಬಹುತೇಕ ಈಡೇರುತ್ತದೆ. ಮೂರನೆಯ ಫ್ಯಾನಿನಲ್ಲಿ ಮಾಡಿರುವುದು ಅದನ್ನೇ. ಅದರ ಬೋರ್ಡೂ ಒಮ್ಮೆ ಕೆಟ್ಟಿತು, ಆದ್ದರಿಂದ ಅದು ಕೆಡದ ವಸ್ತುವೆಂದು ನಾನು ಹೇಳುತ್ತಿಲ್ಲ. ಹೊಸ ಬೋರ್ಡಿಗೆ ಸುಮಾರು 600 ರೂಪಾಯಿ ಕೊಟ್ಟು, ಏಣಿ ಹಾಕಿಕೊಂಡು, ಫ್ಯಾನನ್ನು ಕೊಂಡಿಯಿಂದ ಇಳಿಸದೆಯೇ ಬದಲಿಸಿದೆ. ಬೋರ್ಡುಗಳಲ್ಲಿ ಸಾಮಾನ್ಯವಾಗಿ ಮೊದಲು ಸೋಲುವುದು ಇಲೆಕ್ಟ್ರೊಲೈಟಿಕ್ ಕೆಪ್ಯಾಸಿಟರ್. ಸುತ್ತಲಿನ ಉಷ್ಣಾಂಶ 10 ಡಿಗ್ರಿ ಏರಿದರೆ ಅದರ ಆಯಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಇಲೆಕ್ಟ್ರಾನಿಕ್ಸ್‌ನವರ ರೂಢಿಯ ನಿಯಮ. ಮೋಟಾರಿನ ಹೊಟ್ಟೆಯಿಂದ ಬೋರ್ಡನ್ನು ಹೊರಗಿಟ್ಟದ್ದರಿಂದ ದುರಸ್ತಿ ಸುಲಭವಾಯಿತಷ್ಟೇ ಅಲ್ಲ, ಬೋರ್ಡು ತಂಪಾಗಿರುವುದಕ್ಕೂ ಎಡೆಯಾಯಿತು. ಇದರಲ್ಲಿ ಉಳಿದಿರುವ ಕೊರತೆ ಒಂದು: ಆ ಬೋರ್ಡು ಆ ಮಾದರಿಗೆ ಮಾತ್ರ ಹೊಂದುತ್ತದೆ. ಬೇರಿಂಗಿಗೆ ಇರುವಂಥ ಸಾರ್ವತ್ರಿಕ ಅಳತೆ ಫ್ಯಾನಿನ ಬೋರ್ಡಿಗೂ ಬರುವವರೆಗೆ, ಕಂಪನಿ ಬೋರ್ಡು ಮಾಡುವುದನ್ನು ನಿಲ್ಲಿಸಿದ ದಿನ ಫ್ಯಾನಿನ ಆಯಸ್ಸೂ ಮುಗಿದಂತೆ.

ಫ್ರಾನ್ಸಿನಲ್ಲಿ 2021ರ ಜನವರಿಯಿಂದ ಮೊಬೈಲ್, ಲ್ಯಾಪ್‌ಟಾಪ್, ಟಿವಿ, ಬಟ್ಟೆ ಒಗೆಯುವ ಯಂತ್ರಗಳ ಮೇಲೆ ದುರಸ್ತಿಯ ಸುಲಭತೆಗೆ ಹತ್ತಕ್ಕೆ ಇಷ್ಟು ಎಂದು ಅಂಕ ಮುದ್ರಿಸುವ ಪದ್ಧತಿ ಜಾರಿಗೆ ಬಂದಿತು. ನಮ್ಮಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ದುರಸ್ತಿಯ ಹಕ್ಕಿಗಾಗಿ ಸಮಿತಿ ರಚಿಸಿದಾಗ ಗೃಹೋಪಯೋಗಿ ವಸ್ತುಗಳನ್ನೂ ಅದರ ವ್ಯಾಪ್ತಿಗೆ ತಂದಿತು. ಐದು ಸ್ಟಾರಿನ ಪಕ್ಕದಲ್ಲಿ ಅಂಥದೊಂದು ಅಂಕ ಇದ್ದಿದ್ದರೆ, ಎರಡನೆಯ ಮತ್ತು ಮೂರನೆಯ ಫ್ಯಾನುಗಳು ಅಂಗಡಿಯಲ್ಲಿ ಒಂದೇ ಸಾಲಿನಲ್ಲಿ ಸಮಾನವಾಗಿ ತೂಗುತ್ತಿರಲಿಲ್ಲ.

ಉಳಿದ ವಿಷಯಗಳು ಚಿಕ್ಕವು. ಇನ್ವರ್ಟರಿನ ಮೇಲೆ ಬಿಎಲ್‌ಡಿಸಿ ನಿಸ್ಸಂದೇಹವಾಗಿ ಮೇಲು. ಅದೇ ಬ್ಯಾಟರಿಯಲ್ಲಿ ಎರಡು ಪಟ್ಟಿಗೂ ಹೆಚ್ಚು ಹೊತ್ತು ಓಡುತ್ತದೆ, ಹಳೆಯ ಫ್ಯಾನು ಕೆಲವು ಇನ್ವರ್ಟರುಗಳಲ್ಲಿ ಮಾಡುವ ಗುಂಯ್‌ಗುಡುವ ಸದ್ದೂ ಇಲ್ಲ. ಗೋಡೆಯ ಹಳೆಯ ರೆಗ್ಯುಲೇಟರನ್ನು ಬಿಎಲ್‌ಡಿಸಿಗೆ ಜೋಡಿಸಕೂಡದು, ಅದನ್ನು ಸ್ವಿಚ್ ಬೋರ್ಡಿನಿಂದ ತೆಗೆಸಬೇಕು. ನಮ್ಮ ತಾಯಿಯವರಿಗೆ ರಿಮೋಟು ಒಗ್ಗಲಿಲ್ಲ. ಸ್ವಿಚ್ಚನ್ನು ಆರಿಸಿ ಹಾಕಿದರೆ ವೇಗ ಬದಲಾಗುವ ಸೌಲಭ್ಯ ಮೂರನೆಯ ಫ್ಯಾನಿನಲ್ಲಿ ಇದ್ದುದರಿಂದ ಅದು ಅವರ ಕೋಣೆಗೆ ಹೋಯಿತು. ಬಣ್ಣ, ದೀಪ, ಮೊಬೈಲ್ ಆ್ಯಪ್ ಇವುಗಳ ಬಗ್ಗೆ ನನಗೆ ಹೇಳುವುದೇನೂ ಇಲ್ಲ.

ಈಗ ಹೊಸದನ್ನು ಕೊಳ್ಳುವವರಿಗೆ: ದಿನಕ್ಕೆ ಆರೇಳು ತಾಸಿಗಿಂತ ಹೆಚ್ಚು ತಿರುಗುವ ಕೋಣೆಗೆ ಬೋರ್ಡು ಬೇರೆಯಾಗಿರುವ ಬಿಎಲ್‌ಡಿಸಿಯನ್ನೇ ಆರಿಸಬೇಕು, ಅಪರೂಪಕ್ಕೆ ತಿರುಗುವ ಕೋಣೆಯ ಹಳೆಯ ಫ್ಯಾನಿಗೆ ಕಂಡೆನ್ಸರ್ ಮತ್ತು ಬೇರಿಂಗ್ ಹಾಕಿಸಿದರೆ ಸಾಕು. ಅಂಗಡಿಯಲ್ಲಿ ಪ್ರದರ್ಶನಕ್ಕಿಟ್ಟ ಫ್ಯಾನಿನ ಕೆಳಮುಚ್ಚಳವನ್ನು ಬಿಚ್ಚಿ ತೋರಿಸಲು ಕೇಳಬೇಕು, ಬೋರ್ಡು ಒಂದನ್ನೇ ಮಾರುತ್ತಾರೆಯೇ, ಅದರ ಇಂದಿನ ದರವೆಷ್ಟು ಎಂಬುದನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆಸಿಕೊಳ್ಳಬೇಕು, ಮತ್ತು ವಾರಂಟಿಯು ಮೋಟಾರಿಗೆ ಮಾತ್ರವೋ ಬೋರ್ಡಿಗೂ ಉಂಟೋ ಎಂಬುದನ್ನು ಚೀಟಿಯಲ್ಲಿ ಓದಿಯೇ ಹಣ ಕೊಡಬೇಕು. ನಾನು ಕೇಳಿದಾಗ ಮುಚ್ಚಳ ಬಿಚ್ಚಲು ಒಪ್ಪಿದ ಅಂಗಡಿಯವರು ಕೆಲವರೇ; ಮೂರನೆಯ ಫ್ಯಾನನ್ನು ಕೊಂಡದ್ದು ಅವರಲ್ಲಿ ಒಬ್ಬರಿಂದ.