ಗಾಳಿಯಿಲ್ಲದ ಬೇಸಿಗೆಯ ಕಡಲನ್ನು ನಂಬಿ ಬಂಡೆಯ ಮೇಲೆ ಗಾಳ ಹಾಕಬೇಡಿ

ಏಪ್ರಿಲ್, ಮೇ ತಿಂಗಳುಗಳಲ್ಲಿ ನಮ್ಮ ಕರಾವಳಿಯ ತಡೆಗೋಡೆಗಳಿಗೂ ಬಂಡೆಗಳಿಗೂ ಗಾಳ ಹಾಕಲು ಹೋಗುವವರು, ಅದರಲ್ಲೂ ಘಟ್ಟದ ಮೇಲಿನಿಂದ ಹಣ ಕೊಟ್ಟು ಬರುವವರು, ಹೊರಡುವ ಮುನ್ನ ಇದನ್ನು ಓದಬೇಕೆಂದು ಕೋರುತ್ತೇನೆ. ಮಳೆಗಾಲದ ಕಡಲಿಗೆ ಎಲ್ಲರೂ ಹೆದರುತ್ತಾರೆ. ಬೇಸಿಗೆಯಲ್ಲಿ ಗಾಳಿ ಬಿದ್ದು ನೀರು ಶಾಂತವಾಗಿ ಕಂಡಾಗ ಏಕಾಏಕಿ ಎದ್ದು ಬರುವ ಅಲೆಯ ಬಗ್ಗೆ ಮಾತ್ರ ಪ್ರವಾಸ ನಡೆಸುವವರು ಬಾಯಿ ಬಿಡುವುದಿಲ್ಲ. ಕಳೆದ ಬೇಸಿಗೆಯಲ್ಲಿ ನನ್ನ ಚಿಕ್ಕಪ್ಪನ ಮಗ ಅಂಥ ಅಲೆಗೆ ಸಿಕ್ಕಿ ಬದುಕಿ ಬಂದದ್ದೇ ಹೆಚ್ಚು.

ಉಡುಪಿ ಜಿಲ್ಲೆಯ ಒಂದು ಅಳಿವೆಯ ಬಳಿ, ವಾರಾಂತ್ಯದ ಗಾಳದ ಪ್ರವಾಸ ನಡೆಸುವವರೊಬ್ಬರು ಸಂಜೆಯ ಉಬ್ಬರದ ಹೊತ್ತಿಗೆ ನಮ್ಮನ್ನು ತಡೆಗೋಡೆಯ ತುದಿಗೆ ಕರೆದೊಯ್ದರು. ನೀರು ಏರುವಾಗ ಕೆಂಬೇರಿ, ಮುರು ಮೀನುಗಳು ಕಲ್ಲಿನ ಸಂದಿಗಳ ಹತ್ತಿರ ಬರುವುದು ನಿಜ, ಆದ್ದರಿಂದ ಆ ಹೊತ್ತನ್ನು ಆರಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಎಲೆ ಅಲುಗುವಷ್ಟೂ ಗಾಳಿ ಇರಲಿಲ್ಲ. ಆದರೆ ದಡದಲ್ಲಿ ಮೀನುಗಾರರು ತಮ್ಮ ದೋಣಿಗಳನ್ನು ತೆಂಗಿನ ಮರಗಳ ಬುಡದವರೆಗೆ ಎಳೆದಿಟ್ಟಿದ್ದರು. ಹೀಗೇಕೆ ಎಂದು ಕೇಳಿದಾಗ ಆಯೋಜಕರು, "ಗಾಳಿಯೇ ಇಲ್ಲ ಮಾರಾಯ್ರೇ, ಇಂಥ ಕಡಲಿಗೆ ಹೆದರುವುದೆಂಥದ್ದು?" ಎಂದು ನಕ್ಕರು.

ಸುಮಾರು ಕಾಲು ಗಂಟೆ ಏನೂ ಆಗಲಿಲ್ಲ. ಆಮೇಲೆ ಕಲ್ಲುಗಳ ಕೆಳಗಿನ ನೀರು ಅಷ್ಟು ದೂರ ಹಿಂದಕ್ಕೆ ಸರಿದು, ಅದುವರೆಗೆ ಕಾಣದಿದ್ದ ಪಾಚಿಯ ಕಲ್ಲುಗಳು ಮೇಲೆದ್ದವು. ಮರುಗಳಿಗೆಗೆ ಬಂದ ಅಲೆ ಒಡೆದು ಹಾರಲಿಲ್ಲ, ಇಡೀ ಕಡಲೇ ಮೇಲೇರಿದಂತೆ ಬಂದು ನಮ್ಮ ಸೊಂಟ ಮುಟ್ಟಿತು. ಹಿಂದಿರುಗುವಾಗ ಅದು ತಮ್ಮನನ್ನು ಕೆಡವಿ ಎರಡು ಟೆಟ್ರಾಪಾಡ್‌ಗಳ (ನಾಲ್ಕು ಕಾಲಿನ ಕಾಂಕ್ರೀಟ್ ದಿಮ್ಮಿಗಳ) ನಡುವಿನ ಸಂದಿಗೆ ಎಳೆದುಕೊಂಡು ಹೋಯಿತು. ಗಾಳದ ತಂಗೂಸು (ನೈಲಾನ್) ದಾರ ಅವನ ಮುಂಗೈಗೆ ಸುತ್ತಿಕೊಂಡು ಚರ್ಮ ಕೊಯ್ದಿತ್ತು. ಹಿಡಿದುಕೊಳ್ಳಲು ಚಾಚಿದ ಕೈಯನ್ನು ಕಲ್ಲಿಗಂಟಿದ ಕಲ್ವದ ಚಿಪ್ಪುಗಳು ಸೀಳಿದವು. ಮುಂದಿನ ಅಲೆಯೇ ಅವನನ್ನು ಮೇಲಕ್ಕೆತ್ತಿದ್ದರಿಂದ ನಾವು ಅಂಗಿ ಹಿಡಿದು ಎಳೆಯಲು ಸಾಧ್ಯವಾಯಿತು. ಲೈಫ್ ಜಾಕೆಟ್‌ಗಳು ಆಯೋಜಕರ ವಾಹನದಲ್ಲಿದ್ದವು.

ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವಾದ ಇನ್‌ಕಾಯ್ಸ್ ನಮ್ಮ ಕರಾವಳಿಗೆ ಹಿಂದಿನ ದಿನವೇ ಭಾರಿ ಅಲೆಗಳ ಎಚ್ಚರಿಕೆ ಕೊಟ್ಟಿತ್ತೆಂಬುದು ಆಸ್ಪತ್ರೆಯಲ್ಲಿ ಕುಳಿತಾಗ ತಿಳಿಯಿತು. ಆಯೋಜಕರಿಗೂ ಅದು ಗೊತ್ತಿತ್ತು. "ಅದು ಬೋಟಿನವರಿಗೆ ಕೊಡುವುದು" ಎಂಬುದಷ್ಟೇ ಅವರ ಉತ್ತರ. ಈ ಮಾತು ಶುದ್ಧ ಸುಳ್ಳು, ಮತ್ತು ಅಪಾಯಕಾರಿ ಸುಳ್ಳು. ಈ ಅಲೆಗಳು ಹುಟ್ಟುವುದು ನಮ್ಮ ಗಾಳಿಯಿಂದಲ್ಲ; ಸಾವಿರಾರು ಕಿಲೋಮೀಟರ್ ದೂರದ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗಳಲ್ಲಿ ಹುಟ್ಟಿ ದಿನಗಟ್ಟಲೆ ಪಯಣಿಸಿ ಬರುತ್ತವೆ. ಇಲ್ಲಿನ ಗಾಳಿಯೆಬ್ಬಿಸುವ ಅಲೆಗಳು ಕೆಲವೇ ಸೆಕೆಂಡುಗಳಿಗೊಂದರಂತೆ ಬಂದರೆ, ಇವು 15ರಿಂದ 20 ಸೆಕೆಂಡುಗಳ ಅಂತರದಲ್ಲಿ ಬರುತ್ತವೆ. ಆಳದ ನೀರಿನಲ್ಲಿ ಇವುಗಳ ಎತ್ತರ ಕಣ್ಣಿಗೆ ಬೀಳುವುದೇ ಕಷ್ಟವಾದ್ದರಿಂದ ಹೊರಗೆ ತೇಲುವ ಬೋಟಿಗಿಂತ ದಡದ ಕಲ್ಲಿನ ಮೇಲೆ ನಿಂತವನಿಗೇ ಅಪಾಯ ಹೆಚ್ಚು. ಕೇರಳದವರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. 2024ರ ಮೇ 6ರಂದು ಕನ್ಯಾಕುಮಾರಿ ಜಿಲ್ಲೆಯ ಗಣಪತಿಪುರಂ ಬಳಿಯ ಕಡಲತೀರದಲ್ಲಿ ಐವರು ವೈದ್ಯಕೀಯ ವಿದ್ಯಾರ್ಥಿಗಳು ಅಲೆಗೆ ಸಿಕ್ಕಿ ಸತ್ತರು. ಆ ದಿನಗಳಲ್ಲೂ ಇಂಥದೇ ಎಚ್ಚರಿಕೆ ಜಾರಿಯಲ್ಲಿತ್ತು.

ಆದ್ದರಿಂದ ಹವಾಮಾನದ ಆ್ಯಪ್‌ನಲ್ಲಿ ಗಾಳಿಯ ವೇಗವೊಂದನ್ನೇ ನೋಡಬೇಡಿ. ಅಲೆಯ ಎತ್ತರದ ಪಕ್ಕದಲ್ಲಿ ಸೆಕೆಂಡುಗಳಲ್ಲಿ ಕೊಟ್ಟಿರುವ ಅಂತರವನ್ನು ನೋಡಿ. ಅದು 15 ದಾಟಿದ್ದರೆ, ಎತ್ತರ ಒಂದೇ ಮೀಟರ್ ಎಂದಿದ್ದರೂ ಬಂಡೆ, ತಡೆಗೋಡೆಗಳ ಕಡೆ ಹೋಗಬೇಡಿ. ಹುಣ್ಣಿಮೆ, ಅಮಾವಾಸ್ಯೆಗಳ ಆಸುಪಾಸಿನಲ್ಲಿ ಉಬ್ಬರವೂ ಹೆಚ್ಚಿರುವುದರಿಂದ ನೀರು ಇನ್ನೂ ಮೇಲೆ ಬರುತ್ತದೆ. ದೊಡ್ಡ ಅಲೆಗಳು ಗುಂಪುಗುಂಪಾಗಿ ಬಂದು ನಡುವೆ ಬಹಳ ಹೊತ್ತು ಸುಮ್ಮನಿರುತ್ತವೆ, ಹಾಗಾಗಿ ಹೋದ ಕೂಡಲೇ ಕಲ್ಲಿಗಿಳಿಯದೆ ಅರ್ಧ ಗಂಟೆಯಾದರೂ ದೂರ ನಿಂತು ನೋಡಿ, ಒದ್ದೆಯಾದ ಕಲ್ಲಿನ ಗೆರೆ ಎಲ್ಲಿಯವರೆಗೆ ಇದೆಯೆಂದು ಗಮನಿಸಿ. ದಾರವನ್ನು ಕೈಗೆ ಸುತ್ತಿಕೊಳ್ಳಲೇಬೇಡಿ. ಯಾರಾದರೂ ನೀರಿಗೆ ಬಿದ್ದರೆ ಹಿಂದೆಯೇ ಹಾರಬೇಡಿ. ಖಾಲಿ ಕ್ಯಾನನ್ನೋ ಹಗ್ಗವನ್ನೋ ಎಸೆದು, ಕರಾವಳಿ ಕಾವಲು ಪೊಲೀಸರ 1093ಕ್ಕೆ ಅಥವಾ ಕೋಸ್ಟ್ ಗಾರ್ಡ್‌ನ 1554ಕ್ಕೆ ಕರೆ ಮಾಡಿ.

ನಮ್ಮನ್ನು ಕರೆದೊಯ್ದವರು ಈ ಬೇಸಿಗೆಯಲ್ಲೂ ಪ್ರವಾಸಗಳನ್ನು ನಡೆಸುತ್ತಿದ್ದಾರೆ. ಅವರಿಗಾಗಲಿ, ಅವರಂಥ ಬೇರೆಯವರಿಗಾಗಲಿ ಮುಂಗಡ ಕೊಡುವ ಮೊದಲು, ಇನ್‌ಕಾಯ್ಸ್ ಎಚ್ಚರಿಕೆ ಬಂದ ದಿನ ಪ್ರವಾಸ ರದ್ದುಮಾಡಿ ಹಣ ಹಿಂದಿರುಗಿಸುತ್ತೀರಾ, ಕಲ್ಲಿಗಿಳಿಯುವ ಮೊದಲೇ ಪ್ರತಿಯೊಬ್ಬರಿಗೂ ಲೈಫ್ ಜಾಕೆಟ್ ತೊಡಿಸುತ್ತೀರಾ ಎಂದು ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.